ಒಗ್ಗಿಹೋಗಿದ್ದು ನಿಮ್ಮ ಮೈಯಲ್ಲ

“ಡಾಕ್ಟ್ರೇ, ಆ ಮಾತ್ರೆಗೆ ನನ್ನ ಬಾಡಿ ಒಗ್ಗಿಹೋಗಿದೆ. ಈ ಸಲ ಸ್ವಲ್ಪ ಪವರ್ ಜಾಸ್ತಿ ಇರೋದು ಬರೀರಿ.”

ದಿನಕ್ಕೆ ಎರಡು ಸಲವಾದರೂ ಈ ಮಾತು ಕೇಳುತ್ತೇನೆ. ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಈಗ ಪೆನ್ನು ಕೆಳಗಿಟ್ಟು ಪಾಠ ಶುರು ಮಾಡುತ್ತೇನೆ. ಹೊರಗೆ ಕಾಯುವವರು ಬೈದುಕೊಂಡರೆ ಬೈದುಕೊಳ್ಳಲಿ.

ಆ್ಯಂಟಿಬಯಾಟಿಕ್‌ಗೆ ಒಗ್ಗುವುದು ಬ್ಯಾಕ್ಟೀರಿಯಾ, ನೀವಲ್ಲ. “ಎರಡೂ ಒಂದೇ ಅಲ್ವಾ?” ಅಂತ ಕೇಳುತ್ತಾರೆ. ಒಂದೇ ಆಗಿದ್ದರೆ ಅದು ನಿಮ್ಮೊಬ್ಬರ ತಾಪತ್ರಯ ಆಗಿರುತ್ತಿತ್ತು, ನಾನೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಒಬ್ಬ ಅಜ್ಜಿಯ ಕಥೆ ಹೇಳುತ್ತೇನೆ. ಮೂತ್ರದಲ್ಲಿ ಉರಿ ಅಂತ ಬಂದಿದ್ದರು. “ನಾನು ಆ್ಯಂಟಿಬಯಾಟಿಕ್ ಮುಟ್ಟಿ ವರ್ಷಗಳೇ ಆದವಪ್ಪಾ” ಅಂದರು, ಕೊಂಚ ಹೆಮ್ಮೆಯಿಂದಲೇ. ಮೂತ್ರದ ಕಲ್ಚರ್ ಮಾಡಿಸಿದೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ. ಮೂರನೇ ದಿನ ಲ್ಯಾಬ್‌ನವರು ಕರೆದು ಪ್ಲೇಟ್ ತೋರಿಸಿದರು. ಅಂಗೈಯಗಲದ ತಟ್ಟೆ, ಅದರಲ್ಲಿ ಜೆಲ್ಲಿಯಂಥ ಅಗಾರ್, ಮೇಲೆ ಬೂದುಬಣ್ಣದ ಬ್ಯಾಕ್ಟೀರಿಯಾ ಪೊರೆ. ಪೊರೆಯ ಮೇಲೆ ಕಾಗದದ ಆರು ಸಣ್ಣ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಆ್ಯಂಟಿಬಯಾಟಿಕ್. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಸತ್ತು ತಿಳಿಯಾದ ಬಳೆಯಂಥ ಜಾಗ ಕಾಣುತ್ತದೆ. ಅಜ್ಜಿಯ ತಟ್ಟೆಯಲ್ಲಿ ನಾಲ್ಕು ಬಿಲ್ಲೆಗಳ ಅಂಚು ಮುಟ್ಟುವವರೆಗೂ ಪೊರೆ ಬೆಳೆದಿತ್ತು.

ಈಗ ಹೇಳಿ, ಆ ತಟ್ಟೆಯಲ್ಲಿ ಅಜ್ಜಿಯ ಮೈ ಎಲ್ಲಿದೆ?

ಇಲ್ಲ. ಇರುವುದು ಇ. ಕೊಲೈ ಅನ್ನುವ ಬ್ಯಾಕ್ಟೀರಿಯಾ ಮಾತ್ರ. ಅನುಕೂಲ ಸಿಕ್ಕರೆ ಅದು ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಕೋಟಿಗಟ್ಟಲೆ ಹುಟ್ಟುವಾಗ ಎಲ್ಲೋ ಒಂದೆರಡು ಗಟ್ಟಿ ಪಿಂಡಗಳೂ ಹುಟ್ಟುತ್ತವೆ. ಮಾತ್ರೆ ನುಂಗಿದಾಗ ಉಳಿದವು ಸಾಯುತ್ತವೆ, ಇವಕ್ಕೆ ಜಾಗವೆಲ್ಲ ಖಾಲಿ ಸಿಗುತ್ತದೆ. ಸಾಲದ್ದಕ್ಕೆ, ಬದುಕುವ ಗುಟ್ಟನ್ನು ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್‌ಎ ಉಂಗುರದಲ್ಲಿಟ್ಟು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ಆಮೇಲೆ ಕೈಯಿಂದ ಕೈಗೆ, ಮನೆಯೊಳಗೆ ಒಬ್ಬರಿಂದ ಒಬ್ಬರಿಗೆ.

ಅಜ್ಜಿಯ ಮೊಮ್ಮಗನಿಗೆ ಪ್ರತಿ ನೆಗಡಿಗೂ ಒಂದು ಆ್ಯಂಟಿಬಯಾಟಿಕ್ ಸಿರಪ್ ಆಗುತ್ತಿತ್ತಂತೆ. ಅಲ್ಲಿಂದಲೇ ಬಂತು ಅಂತ ನಾನು ಆಣೆ ಮಾಡಿ ಹೇಳಲಾರೆ, ಬೇರೆ ದಾರಿಗಳೂ ಇವೆ. ಪುಣ್ಯಕ್ಕೆ ನೈಟ್ರೋಫ್ಯುರಾಂಟಾಯಿನ್ ಅನ್ನುವ ಹಳೇ ಆ್ಯಂಟಿಬಯಾಟಿಕ್‌ನ ಬಿಲ್ಲೆಯ ಸುತ್ತ ಒಳ್ಳೆಯ ಬಳೆ ಬಿದ್ದಿತ್ತು, ಅಜ್ಜಿ ಗುಣವಾದರು. ಎಲ್ಲರಿಗೂ ಆ ಪುಣ್ಯ ಇರುವುದಿಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ.

ಇನ್ನು ಈ ‘ಪವರ್’. ಮಾತ್ರೆಗಳಿಗೆ ಮೆಟ್ಟಿಲುಗಳಿಲ್ಲ. ಗಂಟಲು ನೋವು ತರುವ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇವತ್ತಿಗೂ ಹಳೇ ಪೆನಿಸಿಲಿನ್‌ಗೆ ಸಾಯುತ್ತದೆ. ನೀವು ಪವರ್ ಅನ್ನುವುದು ಹೆಚ್ಚಿನ ಸಲ ಹತ್ತಾರು ಬಗೆಯ ಬ್ಯಾಕ್ಟೀರಿಯಾವನ್ನು ಒಟ್ಟಿಗೇ ಕೊಲ್ಲುವ ಔಷಧಿ. ಕರುಳಿನಲ್ಲಿ ತಮ್ಮ ಪಾಡಿಗೆ ಇದ್ದ ಒಳ್ಳೆಯವೂ ಅದರಲ್ಲಿ ಹೋಗುತ್ತವೆ. ಭೇದಿ ಶುರುವಾದರೆ ಮತ್ತೆ ನನ್ನ ಹತ್ತಿರವೇ ಬರುತ್ತೀರಿ.

ನೆಗಡಿ ವೈರಸ್‌ನಿಂದ ಬರುತ್ತದೆ, ಅದಕ್ಕೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೂ “ಕಫ ಹಸಿರಾಗಿದೆ ಡಾಕ್ಟ್ರೇ” ಅನ್ನುತ್ತಾರೆ. ಆ ಬಣ್ಣ ನಿಮ್ಮದೇ ಬಿಳಿ ರಕ್ತಕಣಗಳದ್ದು. ಅದೊಂದನ್ನೇ ನೋಡಿ ಮಾತ್ರೆ ಬರೆಯಲು ಆಗುವುದಿಲ್ಲ.

ಮೊನ್ನೆ ಒಬ್ಬರು ಪರ್ಸಿನಿಂದ ಅಜಿಥ್ರೋಮೈಸಿನ್ ಅನ್ನುವ ಆ್ಯಂಟಿಬಯಾಟಿಕ್‌ನ ಸ್ಟ್ರಿಪ್ ತೆಗೆದರು. ಹೋದ ಸಲ ಉಳಿಸಿಟ್ಟ ಎರಡು ಮಾತ್ರೆ, ಮಡಚಿ ಮಡಚಿ ಫಾಯಿಲ್ ಮಾಸಿಹೋಗಿತ್ತು. ಕೆಮ್ಮು ಐದು ದಿನದಿಂದ ಇದೆ, ಇದನ್ನೇ ತಗೊಳ್ಳಲಾ ಅಂದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ಜ್ವರ ನೋಡಿದೆ. ಬೇಡ ಅಂದೆ. ಇಂಥ ಕೆಮ್ಮು ಸರಾಸರಿ 18 ದಿನ ಇರುತ್ತದೆ. ನಾವು ಒಂದು ವಾರಕ್ಕೇ ಸಾಕಾಗಿ ಮಾತ್ರೆ ನುಂಗುತ್ತೇವೆ, ಕೆಮ್ಮು ತಾನಾಗೇ ಇಳಿಯುವಾಗ ಹೆಸರು ಮಾತ್ರೆಗೆ ಬರುತ್ತದೆ.

ಹಾಗಂತ ಇದನ್ನು ಓದಿ ಯಾರೂ ಡಾಕ್ಟರು ಬರೆದ ಮಾತ್ರೆ ನಿಲ್ಲಿಸಬೇಡಿ. ಕೆಲವು ಸೋಂಕಿಗೆ ಐದು ದಿನ ಸಾಕು, ಕ್ಷಯಕ್ಕೆ ತಿಂಗಳುಗಟ್ಟಲೆ ಬೇಕು. ಬರೆದವರನ್ನೇ ಕೇಳಿ. ಉಸಿರು ಕಟ್ಟಿದರೆ, ಜ್ವರ ಬಿಡದಿದ್ದರೆ, ಎಳೆ ಮಗುವಾಗಿದ್ದರೆ ದಿನ ಎಣಿಸುತ್ತಾ ಕೂರಬೇಡಿ.

ಪರ್ಸಿನವರು ಹತ್ತನೇ ದಿನ ಫೋನ್ ಮಾಡಿದರು. ಕೆಮ್ಮು ಇನ್ನೂ ಇದೆ, ಬೇರೇನಿಲ್ಲ ಅಂದರು. ಇನ್ನೊಂದು ವಾರ ನೋಡೋಣ ಅಂದೆ. ಇಪ್ಪತ್ತನೇ ದಿನ ಫೋನ್ ಬರಲಿಲ್ಲ. ವಾಸಿಯಾಗಿರಬೇಕು. ಇಲ್ಲವೇ ಆ ಎರಡು ಮಾತ್ರೆ ನುಂಗಿರಬೇಕು.