ಮಾತ್ರೆ ಪಟ್ಟಿಯಲ್ಲಿ 'ಫೆರ್' ಕಂಡರೆ ಅದೂ ಐರನ್ನೇ

"ಅಣ್ಣಾ, ಡಾಕ್ಟ್ರು ಐರನ್ ಮಾತ್ರೆ ಅಂದಿದ್ರು, ನೀವು ಬೇರೆ ಏನೋ ಕೊಟ್ಟಿದ್ದೀರಿ." ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಾನು ಪದೇಪದೇ ಕೇಳುವ ದೂರು ಇದು. ಮಾತ್ರೆಯ ಪಟ್ಟಿಯ (ಸ್ಟ್ರಿಪ್ಪಿನ) ಮೇಲೆ ದಪ್ಪಕ್ಷರದಲ್ಲಿ 'ಫೆರಸ್ ಆಸ್ಕಾರ್ಬೇಟ್' ಅಂತಿರುತ್ತದೆ. ಐರನ್ ಅನ್ನುವುದು ಅದರ ಕೆಳಗೆಲ್ಲೋ ಸಣ್ಣಕ್ಷರದಲ್ಲಿ.

ಇಂಗ್ಲಿಷಿನವರು ದಿನಬಳಕೆಗೆ ತಮ್ಮ ಹಳೆಯ ಜರ್ಮಾನಿಕ್ ಪದ 'ಐರನ್' ಇಟ್ಟುಕೊಂಡರು, ರಸಾಯನಶಾಸ್ತ್ರಕ್ಕೆ ಮಾತ್ರ ಲ್ಯಾಟಿನ್ನಿನ 'ಫೆರಮ್' ತಂದರು. ಶಾಲೆಯಲ್ಲಿ ಕಬ್ಬಿಣಕ್ಕೆ 'ಎಫ್ಇ' ಎಂದು ಬರೆದದ್ದು ಅದಕ್ಕೇ. ಫೆರಸ್, ಫೆರಿಕ್, ರಕ್ತದ ರಿಪೋರ್ಟಿನ ಫೆರಿಟಿನ್, ಟ್ರಾನ್ಸ್‌ಫೆರಿನ್ ಎಲ್ಲವೂ ಆ ಮೂಲದವೇ.

ಇದು ತಿಳಿಯದಿದ್ದರೆ ಏನಾಗುತ್ತದೆ? ಅತ್ತೆಯ ಜೊತೆ ಬಂದ ಒಬ್ಬ ಗರ್ಭಿಣಿಯ ಚೀಲದಲ್ಲಿ ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆ, ಡಾಕ್ಟರು ಬರೆದ ಫೆರಸ್ ಆಸ್ಕಾರ್ಬೇಟ್, ಗಂಡ ತಂದ ಟಾನಿಕ್ ಮೂರೂ ಇದ್ದವು. ಟಾನಿಕ್ಕಿನಲ್ಲಿದ್ದದ್ದು ಫೆರಿಕ್ ಅಮೋನಿಯಂ ಸಿಟ್ರೇಟ್. "ಕೆಂಪಿಂದು ಮಗೂಗೆ, ಇದು ರಕ್ತಕ್ಕೆ, ಟಾನಿಕ್ಕು ಶಕ್ತಿಗೆ" ಅಂದಳು ಆಕೆ. ಮೂರೂ ಐರನ್ನೇ ತಾಯಿ! ಹೊಟ್ಟೆನೋವು, ಮಲಬದ್ಧತೆ ಅಂತ ನಾಲ್ಕನೆಯ ಔಷಧಿ ಕೇಳೋಕೆ ಬಂದಿದ್ದಳು ಪಾಪ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿಸಿದೆ. ಯಾವುದು ಇಟ್ಟುಕೊಳ್ಳಬೇಕು ಅನ್ನುವುದನ್ನು ಅವರೇ ಹೇಳಬೇಕು, ನಾನಲ್ಲ, ನೆರೆಮನೆಯವರಂತೂ ಅಲ್ಲವೇ ಅಲ್ಲ.

ಮಿಲಿಗ್ರಾಂ ಲೆಕ್ಕದಲ್ಲೂ ಇದೇ ಎಡವಟ್ಟು. ಒಣ ಫೆರಸ್ ಸಲ್ಫೇಟ್ 200 ಮಿಲಿಗ್ರಾಂ ಮಾತ್ರೆಯಲ್ಲಿ ಐರನ್ ಇರುವುದು ಸುಮಾರು 65 ಮಿಲಿಗ್ರಾಂ. ಫೆರಸ್ ಗ್ಲುಕೋನೇಟ್ 300 ಅಂದರೂ ಅದರಲ್ಲಿ ಸುಮಾರು 35 ಅಷ್ಟೇ. ಸರ್ಕಾರಿ ಕೆಂಪು ಮಾತ್ರೆಯ 60 ಮಾತ್ರ ಪೂರ್ತಿ ಐರನ್ನಿನ ಲೆಕ್ಕ. "300ರದ್ದು ಸ್ಟ್ರಾಂಗು, ಅದೇ ಕೊಡಿ" ಅನ್ನುವವರು ದಯವಿಟ್ಟು 'ಎಲಿಮೆಂಟಲ್ ಐರನ್' (ಮಾತ್ರೆಯಲ್ಲಿರುವ ಬರೀ ಐರನ್ನಿನ ತೂಕ) ಎಂದಿರುವ ಸಾಲು ಓದಿ. ಹೋಲಿಸಬೇಕಾದ್ದು ಆ ಅಂಕಿಯನ್ನು.

ಹಾಗಂತ 'ಫೆರ್' ಇದ್ದದ್ದೆಲ್ಲ ಐರನ್ ಕೊಡುತ್ತದೆ ಅಂತಲೂ ಅಲ್ಲ. ಡೆಫೆರಾಸಿರಾಕ್ಸ್, ಡೆಫೆರಿಪ್ರೋನ್ ಎಂಬ ಔಷಧಿಗಳ ಕೆಲಸ ತದ್ವಿರುದ್ಧ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಮತ್ತೆಮತ್ತೆ ರಕ್ತ ಕೊಟ್ಟಾಗ ಮೈಯಲ್ಲಿ ಉಳಿಯುವ ಹೆಚ್ಚುವರಿ ಐರನ್ನನ್ನು ಅವು ಹೊರಹಾಕುತ್ತವೆ. ಇನ್ನೊಂದು ಔಷಧಿ ಇಂಟರ್‌ಫೆರಾನ್‌ಗಂತೂ ಕಬ್ಬಿಣದ ನಂಟೇ ಇಲ್ಲ.

ಇನ್ನು ಫೆರಿಟಿನ್. ಅದು ಮೈಯಲ್ಲಿನ ಐರನ್ ದಾಸ್ತಾನಿನ ಅಳತೆ. ಹಿಮೋಗ್ಲೋಬಿನ್ ಸರಿಹೋದರೂ ದಾಸ್ತಾನು ತುಂಬಿರುವುದಿಲ್ಲ, ಅದಕ್ಕೇ ಡಾಕ್ಟರು ಸಾಮಾನ್ಯವಾಗಿ ಇನ್ನೂ ಕೆಲವು ತಿಂಗಳು ಮುಂದುವರಿಸಿ ಅನ್ನುತ್ತಾರೆ. ಮಧ್ಯದಲ್ಲೇ ಬಿಡಬೇಡಿ.

ಉಳಿದ ಮಾತ್ರೆಗಳನ್ನು ಪುಟ್ಟ ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ಕೆಂಪಗೆ ಹೊಳೆಯುವುದನ್ನು ಅವು ಪೆಪ್ಪರ್‌ಮೆಂಟ್ ಅಂದುಕೊಳ್ಳುತ್ತವೆ. ಹಲವು ಮಾತ್ರೆ ನುಂಗಿದರೆ ಜೀವಕ್ಕೇ ಅಪಾಯ. ವಾಂತಿ ನಿಂತು ಮಗು ಗೆಲುವಾಗಿ ಕಂಡರೂ ಕಾಯುತ್ತ ಕೂರಬೇಡಿ, ಪಟ್ಟಿಯನ್ನು ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಓಡಿ.