ಐರಿಷ್‌ನ ಒಂದು ಎಳೆ ಹಿಡಿದು ಹೊರಟರೆ

ಐರಿಷ್ ಭಾಷೆಯಲ್ಲಿ ದಾರಕ್ಕೆ ಎರಡು ಪದ ಇವೆ. 'ಸ್ನಾಹ್' ಅಂದರೆ ನೂಲು, ಉಂಡೆಗಟ್ಟಲೆ ಸುತ್ತಿಡುವಂಥದ್ದು. 'ಸ್ನಾಹೆ' ಅಂದರೆ ಅದರಲ್ಲಿ ಒಂದೇ ಒಂದು ಎಳೆ. ನೂಲು ಬೇರೆ, ಎಳೆ ಬೇರೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಕಥೆಯ ಎಳೆ ಅಂತ ನಾವು ಹೇಳುವ ಕಡೆ ಅವರೂ ಸ್ನಾಹೆ ಅನ್ನುತ್ತಾರೆ. ಮರ ಸೀಳಿದಾಗ ಒಳಗೆ ಉದ್ದಕ್ಕೆ ಕಾಣುವ ಗೆರೆಗಳಿಗೂ ಅದೇ ಹೆಸರು.

ಬರೆಯುವಾಗ ಈ ಪದಗಳಲ್ಲಿ ಟಿ ಮತ್ತು ಎಚ್ ಎರಡೂ ಅಕ್ಷರ ಇರುತ್ತವೆ. ಹಳೆಯ ಐರಿಷ್‌ನಲ್ಲಿ ಅದನ್ನು ಇಂಗ್ಲಿಷಿನ 'ಥಿಂಕ್' ಪದದ ಮೊದಲ ಸದ್ದಿನಂತೆ ಹೇಳುತ್ತಿದ್ದರು. ಬರಬರುತ್ತಾ ಅದು ಬರೀ 'ಹ' ಆಯಿತು. ನಮ್ಮ ಹಳಗನ್ನಡದ 'ಪಾಲು' ಈಗ 'ಹಾಲು' ಆಯಿತಲ್ಲ, ಸುಮಾರು ಹಾಗೆ. ಆದರೆ ನಾವು ಬರಹವನ್ನೂ ಬದಲಿಸಿಕೊಂಡೆವು, ಅವರು ಹಳೆಯ ಅಕ್ಷರ ಹಾಗೇ ಉಳಿಸಿಕೊಂಡರು.

ಪದದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ನೂಲುವುದು, ಹೊಲಿಯುವುದು ಅನ್ನುವ ಅರ್ಥದ ಒಂದು ಇಂಡೋ-ಯುರೋಪಿಯನ್ ಧಾತುವಿನಿಂದ, ಅಂದರೆ ಐರಿಷ್, ಇಂಗ್ಲಿಷ್, ಸಂಸ್ಕೃತ ಎಲ್ಲ ಸೇರುವ ಭಾಷಾಕುಟುಂಬದ ಮೂಲ ಪದದಿಂದ ಇದು ಬಂದಿದೆ. ಇಂಗ್ಲಿಷಿನ 'ನೀಡಲ್' ಅದೇ ಮನೆತನದ್ದು. ಸಂಸ್ಕೃತದಿಂದ ನಮ್ಮಲ್ಲಿಗೆ ಬಂದ 'ಸ್ನಾಯು' ಕೂಡ ಅಲ್ಲಿಂದಲೇ ಅಂತ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ, ಯಾಕೆಂದರೆ ಅದೂ ಹುರಿಗೊಂಡ ಎಳೆಯೇ ತಾನೆ. ಆದರೆ ನಮ್ಮ 'ನೂಲು', 'ನರ' ಎರಡೂ ದ್ರಾವಿಡ ಪದಗಳು. ಸದ್ದು ಹತ್ತಿರ ಇದೆ ಅಂತ ಸುಮ್ನೆ ನಂಟು ಕಟ್ಟಬಾರದು.

ಐರಿಷ್‌ನಲ್ಲಿ ಸೂಜಿಯ ಹೆಸರೂ ಸ್ನಾಹ್‌ನಿಂದಲೇ ಹುಟ್ಟಿದೆ. ಕೆರೆ ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆಯನ್ನು ಅವರು 'ದೊಡ್ಡ ಸೂಜಿ' ಅಂತಲೇ ಕರೆಯುತ್ತಾರೆ. ಆ ತೆಳ್ಳಗಿನ, ನೆಟ್ಟಗಿನ ಬಾಲ ನೋಡಿದವರಿಗೆ ಬೇರೆ ಹೆಸರು ತೋಚುವುದೇ ಕಷ್ಟ. ಇನ್ನು ಸೂಜಿ ಹಿಡಿದ ಕೈಗೆ ಅಲ್ಲಿ ಎಂಥ ಬೆಲೆ ಇತ್ತು ಅಂದರೆ, ಕಸೂತಿ ಹಾಕುವ ಹೆಂಗಸು ರಾಣಿಯರಿಗಿಂತ ಜಾಸ್ತಿ ಸಂಪಾದಿಸುತ್ತಾಳೆ ಅಂತ ಐರ್ಲೆಂಡಿನ ಹಳೆಯ ಕಾನೂನು ಬರಹವೊಂದರಲ್ಲೇ ಇದೆ. ಕಾನೂನಿನ ಮಧ್ಯೆ ಈ ಮಾತು ಸಿಕ್ಕಿದ್ದು ನನಗಂತೂ ತುಂಬಾ ಖುಷಿ ಕೊಟ್ಟಿತು.

ನೂಲುವ ಕದಿರಿಗೆ ಬೇರೆ ಪದ, 'ಫರ್ಸಿದ್'. ನೀರಿನಡಿ ಉದ್ದಕ್ಕೆ ಚಾಚಿಕೊಂಡ ಮರಳದಿಬ್ಬಕ್ಕೂ ಅದೇ ಪದ. ಬೆಲ್‌ಫಾಸ್ಟ್ ಅನ್ನುವ ಉತ್ತರ ಐರ್ಲೆಂಡಿನ ಊರ ಹೆಸರಿನಲ್ಲಿ ಇರುವುದು ಇದೇ, ಮರಳದಿಬ್ಬದ ಬಾಯಿ ಅಂತ ಅದರ ಅರ್ಥ. ಆ ಊರೇ 19ನೇ ಶತಮಾನದಲ್ಲಿ ಲಿನನ್ ಅನ್ನುವ ಅಗಸೆ ನಾರಿನ ನೂಲಿನ ಗಿರಣಿಗಳಿಗೆ ಜಗತ್ತಿನಲ್ಲೆಲ್ಲ ಹೆಸರಾಯಿತು.