ಜೀನ್ಸ್‌ಗೆ ಫ್ಲ್ಯಾಶ್ ಎಲ್ಲಿಂದ ಬೀಳಬೇಕು?

ನಾನು ಬಳ್ಳಾರಿಯಲ್ಲಿ ಮೊದಲು ಮದುವೆ ಫೋಟೋ ತೆಗೆಯುತ್ತಿದ್ದವನು. ಕ್ಯಾಮೆರಾ ತಲೆ ಮೇಲೆ ಫ್ಲ್ಯಾಶ್ ಸಿಕ್ಕಿಸಿ ಎದುರಿಗಿದ್ದವರ ಮುಖಕ್ಕೆ ಹೊಡೆಯೋದು, ಅಷ್ಟೇ ಗೊತ್ತಿತ್ತು. ಅದೇ ಅಭ್ಯಾಸದಲ್ಲಿ ಒಂದು ಜೀನ್ಸ್ ಘಟಕಕ್ಕೆ ಕ್ಯಾಟಲಾಗ್ ಮಾಡಿಕೊಟ್ಟೆ. ಮಾಲೀಕರು ನೋಡಿ, "ಏನಣ್ಣಾ ಇದು, ನೀಲಿ ರಟ್ಟು ಕತ್ತರಿಸಿ ಅಂಟಿಸಿದಂಗೈತೆ. ವಾಷಿಂಗಿಗೆ ಅಷ್ಟು ದುಡ್ಡು ಹಾಕೀನಿ, ಎಲ್ಲೈತೆ ಅದು?" ಎಂದರು. ವಾಷಿಂಗ್ ಅಂದರೆ ಹೊಸ ಜೀನ್ಸ್‌ಗೆ ಮಾಸಿದ ನೋಟ ಬರುವ ಹಾಗೆ ತೊಳೆಯೋದು. ಅವತ್ತು ರಾತ್ರಿ ಪ್ಯಾಂಟ್ ಒಂದನ್ನು ಮನೆಗೆ ತಂದು, ಬಾಗಿಲಿಗೆ ನೇತುಹಾಕಿ, ಟಾರ್ಚ್ ಹಿಡಿದು ನೋಡುತ್ತಾ ಕೂತೆ.

ಎದುರಿನಿಂದ ಟಾರ್ಚ್ ಬಿಟ್ಟರೆ ಬಟ್ಟೆ ಸಪಾಟು. ಪಕ್ಕದಿಂದ, ಬಟ್ಟೆಯನ್ನು ಸವರಿಕೊಂಡು ಹೋಗುವ ಹಾಗೆ ಬಿಟ್ಟರೆ ನೇಯ್ಗೆಯ ಓರೆ ಗೆರೆಗಳು ಒಂದೊಂದೂ ಎದ್ದು ಕಂಡವು. ಡೆನಿಮ್‌ನಲ್ಲಿ ಹಾಸಿನ (ಉದ್ದದ) ನೂಲು ನೀಲಿ, ಹೊಕ್ಕಿನ (ಅಡ್ಡದ) ನೂಲು ಬಿಳಿ. ಆ ನೇಯ್ಗೆ, ಜೇಬಿನ ಜೋಡಿ ಹೊಲಿಗೆ, ವಾಷಿಂಗ್ ಆದ ಮೇಲೆ ಹೊಲಿಗೆಗುಂಟ ಏಳುವ ಸುಕ್ಕು, ಇವೆಲ್ಲ ಕಾಣೋದು ಸಣ್ಣ ಸಣ್ಣ ನೆರಳಿನಿಂದ. ಎದುರಿನ ಫ್ಲ್ಯಾಶ್ ಆ ನೆರಳನ್ನೇ ಒರೆಸಿಬಿಡುತ್ತದೆ. ನಾನು ಬೆಳಕು ಕಮ್ಮಿಯಾಯಿತು ಅಂದುಕೊಂಡಿದ್ದೆ. ಕಮ್ಮಿಯಾಗಿದ್ದು ನೆರಳು.

ಅಂದಿನಿಂದ ಫ್ಲ್ಯಾಶ್ ಕ್ಯಾಮೆರಾದಿಂದ ಇಳಿಯಿತು. ದೂರದಿಂದಲೇ ಫ್ಲ್ಯಾಶ್ ಹೊಡೆಸುವ ಟ್ರಿಗರ್ ಹಾಕಿ, ಸ್ಟ್ಯಾಂಡಿನ ಮೇಲೆ, ಮಾಡೆಲ್‌ನ ಪಕ್ಕಕ್ಕೆ ಇಡುತ್ತೇನೆ. ಮುಖಕ್ಕೆ ಇಷ್ಟು ಓರೆ ಬೆಳಕು ಒಗ್ಗುವುದಿಲ್ಲ, ಅರ್ಧ ಮುಖ ಕಪ್ಪಾಗುತ್ತದೆ. ಅದಕ್ಕೆ ಇನ್ನೊಂದು ಪಕ್ಕ ಬಿಳಿ ಥರ್ಮಾಕೋಲ್ ಹಾಳೆ ಹಿಡಿಸಿದರೆ ಸಾಕು. ಎಷ್ಟು ದೂರ ಅನ್ನೋದೂ ಮುಖ್ಯ. ಫ್ಲ್ಯಾಶ್ ಒಂದು ಮೀಟರಿನಿಂದ ಎರಡು ಮೀಟರಿಗೆ ಹೋದರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ತೀರಾ ಹತ್ತಿರ ಇಟ್ಟರೆ ಸೊಂಟ ಹೊಳೆದು ಪಾದ ಕತ್ತಲಲ್ಲಿ ಉಳಿಯೋದು ಇದರಿಂದಲೇ.

ಬಳ್ಳಾರಿ ಬಿಸಿಲಲ್ಲಿ ಫ್ಲ್ಯಾಶ್ ಯಾಕೆ ಅಂತ ಹುಡುಗರು ಕೇಳುತ್ತಾರೆ. ಬಿಸಿಲಲ್ಲೇ ಅದರ ಆಟ ಜಾಸ್ತಿ. ಒಂದೇ ಫೋಟೋದಲ್ಲಿ ಬಿಸಿಲು, ಫ್ಲ್ಯಾಶ್ ಅಂತ ಎರಡು ಬೆಳಕು ಇರುತ್ತವೆ, ಅಲ್ವಾ? ಫ್ಲ್ಯಾಶ್ ಕಣ್ಣು ಮಿಟುಕಿಸುವ ಮೊದಲೇ ಮುಗಿದು ಹೋಗುತ್ತದೆ, ಹಾಗಾಗಿ ಶಟರ್ ವೇಗ, ಅಂದರೆ ಕ್ಯಾಮೆರಾದ ಪರದೆ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನೋದು, ಅದಕ್ಕೆ ತಟ್ಟುವುದಿಲ್ಲ. ಶಟರ್ ಹಿಡಿತ ಇರೋದು ಬಿಸಿಲಿನ ಮೇಲೆ ಮಾತ್ರ. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿ, ಎರಡನ್ನೂ ಹಿಡಿಯುತ್ತದೆ. ಆದರೆ ಬಹಳಷ್ಟು ಕ್ಯಾಮೆರಾಗಳಲ್ಲಿ ಶಟರ್ 1/200 ಅಥವಾ 1/250 ಸೆಕೆಂಡಿಗಿಂತ ವೇಗವಾದರೆ ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಶಟರ್‌ನ ಪರದೆ ಪೂರ್ತಿ ತೆರೆಯುವ ಮೊದಲೇ ಮುಚ್ಚಲು ಶುರುವಾಗಿರುತ್ತದೆ. ಹೈಸ್ಪೀಡ್ ಸಿಂಕ್ (ಫ್ಲ್ಯಾಶ್ ಒಂದೇ ಸಲ ಹೊಡೆಯದೆ ಬೇಗ ಬೇಗ ಹಲವು ಸಲ ಮಿನುಗುವ ವ್ಯವಸ್ಥೆ) ಹಾಕಬಹುದು, ಆದರೆ ಫ್ಲ್ಯಾಶ್ ಬಲ ತೀರಾ ಕುಗ್ಗುತ್ತದೆ.

ಹಾಗಾಗಿ ನನ್ನ ಲೆಕ್ಕ ಹೀಗೆ: ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಶಟರ್ 1/200. ಸುಡುಬಿಸಿಲಿಗೆ ಎಫ್/11 ಸರಿಹೋಗುತ್ತದೆ. ನಾನು ಕಿಂಡಿಯನ್ನು ಇನ್ನೊಂದು ಹಂತ ಕಿರಿದು ಮಾಡಿ ಎಫ್/16 ಇಡುತ್ತೇನೆ. ಆಕಾಶ, ಹಿಂದಿನ ಬಂಡೆ ಎಲ್ಲ ಅರ್ಧ ಬೆಳಕಿಗೆ ಇಳಿದು ಗಟ್ಟಿ ಬಣ್ಣಕ್ಕೆ ಬರುತ್ತವೆ. ಬೆನ್ನು ಸೂರ್ಯನ ಕಡೆ, ಮುಖ ಫ್ಲ್ಯಾಶ್ ಕಡೆ. ಗೈಡ್ ನಂಬರ್ (ಫ್ಲ್ಯಾಶ್‌ನ ಬಲ ಹೇಳುವ ಅಂಕಿ) 36 ಇರುವ ಫ್ಲ್ಯಾಶ್ ಪೂರ್ತಿ ಬಲದಲ್ಲಿ ಇಲ್ಲಿ ತಲುಪೋದು 36ನ್ನು 16ರಿಂದ ಭಾಗಿಸಿದಷ್ಟು, ಅಂದರೆ ಎರಡೂಕಾಲು ಮೀಟರ್. ಬೆಳಕನ್ನು ಮೆದುವಾಗಿಸುವ ಛತ್ರಿ ಹಾಕಿದರೆ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಬೆಳಕನ್ನು ಅದೇ ತಿನ್ನುತ್ತದೆ. ಆಗ ಫ್ಲ್ಯಾಶನ್ನು ಒಂದು ಮೀಟರಿಗೆ ತರಬೇಕು, ಛತ್ರಿ ಫೋಟೋದೊಳಗೇ ಬಂದು ಕೂರುತ್ತದೆ. ಗಾಳಿಗೆ ಹಾರಿಹೋಗುವ ಕಷ್ಟ ಬೇರೆ. ಬಿಸಿಲಿಗೆ ನಾನು ಬರಿ ಫ್ಲ್ಯಾಶನ್ನೇ ಬಳಸುತ್ತೇನೆ. ಬೆವರು ಮುತ್ತಿನ ಹಾಗೆ ಹೊಳೆಯುತ್ತದೆ, ನಿಜ. ಮದುಮಗಳಾದರೆ ಪೌಡರ್ ಹಚ್ಚಿಸುತ್ತೇನೆ. ಜೀನ್ಸ್ ಹಾಕಿದ ಹುಡುಗನಾದರೆ ಹಾಗೇ ಬಿಡುತ್ತೇನೆ, ಚೆನ್ನಾಗಿರುತ್ತದೆ. ಒಂದು ಎಚ್ಚರಿಕೆ: ಇಲ್ಲಿನ ಬೇಸಿಗೆಯಲ್ಲಿ ಪೂರ್ತಿ ಬಲದಲ್ಲಿ ಬಿಡುವಿಲ್ಲದೆ ಹೊಡೆದರೆ ಫ್ಲ್ಯಾಶ್ ಕಾದು ತಾನಾಗೇ ನಿಧಾನವಾಗುತ್ತದೆ. ನೆರಳಲ್ಲಿಟ್ಟು ಆರಲು ಬಿಡಿ.

ಸೂರ್ಯ ಮುಳುಗಿದ ಮೇಲೆ ಕೋಟೆ ಗುಡ್ಡವನ್ನು ಹಿಂದಿಟ್ಟುಕೊಂಡು ಇನ್ನೊಂದು ಆಟ ಆಡಬಹುದು. ಫ್ಲ್ಯಾಶ್ ಬಾಯಿಗೆ ಕಿತ್ತಳೆ ಬಣ್ಣದ ಜೆಲ್ ಹಾಳೆ, ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ (ಯಾವ ಬಣ್ಣದ ಬೆಳಕನ್ನು ಕ್ಯಾಮೆರಾ ಬಿಳಿ ಅಂತ ಎಣಿಸಬೇಕು ಅನ್ನೋದು) 3200 ಕೆಲ್ವಿನ್. ಮಾಡೆಲ್ ಮಾಮೂಲಿ ಬಣ್ಣದಲ್ಲೇ ಇರುತ್ತಾರೆ, ಹಿಂದಿನ ಆಕಾಶ ಕಡುನೀಲಿಗೆ ತಿರುಗುತ್ತದೆ. ಇದನ್ನು ಪೋಸ್ಟರಿಗೆ ಮಾತ್ರ ಮಾಡುತ್ತೇನೆ. ಹಾಳೆ ಸ್ವಲ್ಪ ಆಚೀಚೆಯಾದರೂ ಜೀನ್ಸ್‌ನ ಬಣ್ಣವೇ ಬದಲಾಗುತ್ತದೆ, ಕ್ಯಾಟಲಾಗಿಗೆ ಯಾರೂ ಒಪ್ಪುವುದಿಲ್ಲ.

ಒಳಗೆ ತೆಗೆಯುವಾಗ ನನಗಿಷ್ಟವಾದದ್ದು ಜೋಳದ ಜರಡಿ. ಫ್ಲ್ಯಾಶನ್ನು ಮೂರು ಮೀಟರ್ ದೂರ ಇಟ್ಟು, ಜರಡಿಯನ್ನು ಮಾಡೆಲ್ ಹತ್ತಿರ, ಫ್ರೇಮಿನ ಅಂಚಿಗೆ ಹಿಡಿಸಿ. ಮುಖದ ಮೇಲೆ, ಗೋಡೆ ಮೇಲೆ ಚುಕ್ಕಿ ಚುಕ್ಕಿ ಬೆಳಕು ಬೀಳುತ್ತದೆ. ಜರಡಿ ಫ್ಲ್ಯಾಶ್ ಕಡೆ ಸರಿದಷ್ಟೂ ಚುಕ್ಕಿ ಮಸುಕಾಗುತ್ತದೆ. ಬೇವಿನ ಕೊಂಬೆಯಾದರೂ ನಡೆಯುತ್ತದೆ. ನಮ್ಮ ಮನೆಯಲ್ಲಿ ಈಗ ಜರಡಿ ಕೊಡೋದಿಲ್ಲ, ಸ್ಟುಡಿಯೋಗೇ ಒಂದು ಬೇರೆ ಕೊಂಡಿಟ್ಟಿದ್ದೇನೆ.